ಮಿಷನರಿ ಮನೆಯ ಮಕ್ಕಳು

ಜರ್ಮನಿಯಲ್ಲಿ ನೆಲೆಸಿದ ನಾವು ಕಿಟ್ಟೆಲರ 1894ರ ನಿಘಂಟನ್ನು ನೆನೆಯುತ್ತಲೇ ಇರುತ್ತೇವೆ, ನೆನೆಯಬೇಕಾದ್ದೇ. ಆದರೆ ಆ ಬಾಸೆಲ್ ಮಿಷನ್ನಿನ ಮನೆಗಳ ಒಳಬದುಕನ್ನು ವಿಚಾರಿಸಿದವರು ಕಡಿಮೆ. ಗಂಡ ಸಂತೆ, ಜಾತ್ರೆಗಳಲ್ಲಿ ಉಪದೇಶಕ್ಕೆಂದು ಊರೂರು ಸುತ್ತುವನು. ಹೆಂಡತಿ ಹೆಣ್ಣುಮಕ್ಕಳಿಗೆ ಓದು, ಹೊಲಿಗೆ ಕಲಿಸುವಳು. ಆಯಾಳ ಸೊಂಟದ ಮೇಲೆ ಬೆಳೆದ ಮಕ್ಕಳಿಗೆ ಊರಮಾತು ಬಲುಬೇಗ ಹತ್ತುತ್ತಿತ್ತು. ಶಾಲೆಯ ವಯಸ್ಸಾಯಿತೋ, ಅವರನ್ನು ಯೂರೋಪಿಗೆ ಕಳಿಸತಕ್ಕದ್ದೆಂದು 1853ರಲ್ಲಿ ಮಿಷನ್ನೇ ಕಟ್ಟಳೆ ಮಾಡಿತು.

ಕಟ್ಟಳೆಗೂ ಮುಂಚೆಯೇ ಹಾಗೆ ಹೋದವಳು ಇದೇ ಮಿಷನ್ನಿನ ಮೇರಿ ಗುಂಡರ್ಟ್. ಮುಂದೆ ಸಾಹಿತಿ ಹೆರ್ಮನ್ ಹೆಸ್ಸೆಯ ತಾಯಿ. 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿ, ಎಳವೆಯಲ್ಲೇ ಯೂರೋಪಿನಲ್ಲಿ ಉಳಿದ ಆಕೆ ಮರಳಿ ತಾಯಿತಂದೆಯರನ್ನು ಸೇರಿದ್ದು 15ರ ಹರೆಯದಲ್ಲಿ. ಪತ್ರಕ್ಕೆ ಉತ್ತರ ಬರಲು ತಿಂಗಳುಗಳೇ ಹಿಡಿಯುತ್ತಿದ್ದ ಕಾಲ!

ಇದನ್ನು ತ್ಯಾಗವೆನ್ನುವುದು ವಾಡಿಕೆ. ನಾವು ಒಪ್ಪೆವು. ನಿರ್ಧಾರ ದೊಡ್ಡವರದು, ಮಕ್ಕಳನ್ನು ಕೇಳಿದವರಿಲ್ಲ. “ಮಗುವನ್ನು ಊರಲ್ಲಿ ಅಜ್ಜಿಯ ಹತ್ತಿರ ಬಿಡೋಣವೇ, ಹಾಸ್ಟೆಲಿಗೆ ಹಾಕೋಣವೇ?” ಎಂಬ ಮಾತು ನಮ್ಮ ಮನೆಗಳಲ್ಲೂ ಏಳುತ್ತದೆ. ಕನ್ನಡವಾದರೂ ಬರಲಿ ಎಂಬ ನೆಪ ಬೇರೆ. ಕನ್ನಡವನ್ನು ಇಲ್ಲಿಯೇ, ಊಟಕ್ಕೆ ಕುಳಿತಾಗ ಕಲಿಸಬಹುದು. ಕಳಿಸುವುದು ಅನಿವಾರ್ಯವೇ ಆದರೆ, ಆ ಮಾತುಕತೆಗೆ ಮಗುವನ್ನೂ ಕೂರಿಸಿಕೊಳ್ಳಿ.