ರೇಷ್ಮೆ ಪತ್ರಗಳು ಪ್ರಮಾಣಪತ್ರಗಳಲ್ಲ

ಆಗಸ್ಟ್ 15 ಸಮೀಪಿಸಿದಂತೆ ನಮ್ಮ ವೇದಿಕೆಗಳಲ್ಲಿ ಮುಸ್ಲಿಮ್ ಸ್ವಾತಂತ್ರ್ಯ ಹೋರಾಟಗಾರರ ಪಟ್ಟಿಯೊಂದನ್ನು ಓದಲಾಗುತ್ತದೆ. ಶೈಖುಲ್ ಹಿಂದ್ ಮೌಲಾನಾ ಮಹ್ಮೂದ್ ಹಸನ್‌ರ ಹೆಸರೂ ಅದರಲ್ಲಿರುತ್ತದೆ. ಮರುದಿನ ಆ ಪಟ್ಟಿಯನ್ನು ಮಡಚಿಡುತ್ತೇವೆ. ನಮ್ಮ ದೇಶನಿಷ್ಠೆಯನ್ನು ಪ್ರಶ್ನಿಸುವವರೆದುರು ಹಿಡಿಯುವ ಪ್ರಮಾಣಪತ್ರವಷ್ಟೇ ಆಗಿ ಆ ಮಹನೀಯರು ಉಳಿದಿದ್ದಾರೆ. ಇದು ಅವರಿಗೆ ಸಲ್ಲುವ ಗೌರವವಲ್ಲ.

ಅವರು ಮಾಡಿದ್ದೇನು? ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸಾಮ್ರಾಜ್ಯವು ಸಿಲುಕಿದ್ದಾಗ, ದೇವಬಂದ್‌ನ ಈ ವೃದ್ಧ ಗುರು ತಮ್ಮ ಶಿಷ್ಯ ಉಬೈದುಲ್ಲಾ ಸಿಂಧಿಯವರನ್ನು ಕಾಬೂಲಿಗೆ ಕಳುಹಿಸಿ, 1915ರಲ್ಲಿ ತಾವು ಹಿಜಾಝ್‌ಗೆ ತೆರಳಿದರು. ಅಫಘಾನರ ಮತ್ತು ಉಸ್ಮಾನಿಯರ ನೆರವಿನಿಂದ ಭಾರತವನ್ನು ಬಿಡುಗಡೆಗೊಳಿಸುವುದು ಅವರ ಯೋಜನೆ. ಸಿಂಧಿಯವರು ರೇಷ್ಮೆ ಬಟ್ಟೆಯ ಮೇಲೆ ಬರೆದು ಕಳುಹಿಸಿದ ಪತ್ರಗಳು 1916ರ ಆಗಸ್ಟ್‌ನಲ್ಲಿ ಪಂಜಾಬಿನಲ್ಲಿ ಬ್ರಿಟಿಷರ ಕೈಸೇರಿದವು. ಮೌಲಾನಾರು ಬಂಧಿತರಾಗಿ ಮಾಲ್ಟಾ ದ್ವೀಪದಲ್ಲಿ ಮೂರು ವರ್ಷ ಸೆರೆಯಲ್ಲಿದ್ದರು. ಜೊತೆಗಿದ್ದ ಹಕೀಮ್ ನುಸ್ರತ್ ಹುಸೈನ್ ಅಲ್ಲಿಯೇ ಕೊನೆಯುಸಿರೆಳೆದರು.

ಇವರು ಹೋರಾಡಿದ್ದು ಭಾರತಕ್ಕಾಗಿ ಅಲ್ಲ, ತುರ್ಕಿಯ ಖಿಲಾಫತ್‌ಗಾಗಿ ಎನ್ನುವವರಿದ್ದಾರೆ. ಖಿಲಾಫತ್‌ನ ಮೇಲೆ ಅವರಿಗೆ ಅಭಿಮಾನವಿದ್ದುದು ನಿಜ, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ 1915ರ ಡಿಸೆಂಬರ್ 1ರಂದು ಕಾಬೂಲಿನಲ್ಲಿ ಸ್ಥಾಪಿತವಾದ ಭಾರತದ ತಾತ್ಕಾಲಿಕ ಸರಕಾರದ ಅಧ್ಯಕ್ಷರಾರು? ರಾಜಾ ಮಹೇಂದ್ರ ಪ್ರತಾಪ್. ಮೌಲಾನಾ ಬರ್ಕತುಲ್ಲಾ ಪ್ರಧಾನಿಯಾಗಿ, ಸಿಂಧಿಯವರು ಗೃಹಮಂತ್ರಿಯಾಗಿ ಅವರ ಕೈಕೆಳಗೆ ದುಡಿದರು. ಇತ್ತ ಮೌಲಾನಾರನ್ನು ಬ್ರಿಟಿಷರಿಗೆ ಒಪ್ಪಿಸಿದವನು ಮಕ್ಕಾದ ಶರೀಫ್ ಹುಸೈನ್, ಒಬ್ಬ ಮುಸ್ಲಿಮ್ ಅರಸ. ಹಾಗಾದರೆ ಅವರು ಗೆರೆ ಎಳೆದದ್ದು ಎಲ್ಲಿ? ಹಿಂದೂ ಮತ್ತು ಮುಸ್ಲಿಮರ ನಡುವೆ ಅಲ್ಲ, ದಬ್ಬಾಳಿಕೆ ಮತ್ತು ನ್ಯಾಯದ ನಡುವೆ.

ನಮ್ಮ ಭಾಷಣಗಳು ಕೈಬಿಡುವುದು ಈ ಪಾಠವನ್ನೇ. ಸ್ವಂತ ಸಮುದಾಯಕ್ಕೆ ಅನ್ಯಾಯವಾದಾಗ ಮಾತ್ರ ದನಿಯೆತ್ತುವವರಿಗೆ, ನಮ್ಮವನೇ ಅಕ್ರಮವೆಸಗಿದಾಗ ಮೌನ ತಾಳುವವರಿಗೆ, ಶೈಖುಲ್ ಹಿಂದ್‌ರ ಹೆಸರೆತ್ತುವ ಹಕ್ಕು ಎಲ್ಲಿಂದ ಬಂತು?

1920ರಲ್ಲಿ ಬಿಡುಗಡೆಯಾಗಿ ಬಂದ ಮೌಲಾನಾರು ಸನ್ಮಾನಗಳಲ್ಲಿ ವಿಶ್ರಮಿಸಲಿಲ್ಲ. ಅಕ್ಟೋಬರ್ 29ರಂದು, ಕಾಯಿಲೆಯಿಂದ ಜರ್ಜರಿತರಾಗಿದ್ದರೂ, ಅಲೀಗಢಕ್ಕೆ ಹೋಗಿ ಜಾಮಿಆ ಮಿಲ್ಲಿಯಾ ಇಸ್ಲಾಮಿಯಾಕ್ಕೆ ಅಡಿಗಲ್ಲಿಟ್ಟರು. ನವೆಂಬರ್ 30ರಂದು ನಿಧನರಾದರು. ಮದ್ರಸದ ಗುರು ತನ್ನ ಕಡೆಯ ದಿನಗಳನ್ನು ಕಾಲೇಜಿನ ತರುಣರಿಗೆ ಮೀಸಲಿಟ್ಟದ್ದನ್ನು ನಮ್ಮ ಮಕ್ಕಳಿಗೆ ಎಂದಾದರೂ ಹೇಳಿದ್ದೇವೆಯೇ?

ಪ್ರಿಯ ಸಹೋದರ ಸಹೋದರಿಯರೇ, ಯಾರಿಗೂ ಪ್ರಮಾಣಪತ್ರ ತೋರಿಸಬೇಕಾದ ಋಣ ನಮಗಿಲ್ಲ. ನ್ಯಾಯದ ಪರ ನಿಲ್ಲಬೇಕಾದ ಋಣವಿದೆ. ಅದನ್ನು ತೀರಿಸುವ ಸಾಮರ್ಥ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ.