ಪೆಟ್ಟಿಗೆಯಲ್ಲೇ ಹೆಸರು ಬದಲಿಸುವ ಹರಳು

ಖನಿಜಗಳ ಹರಾಜು ಪಟ್ಟಿಯೊಂದರ ಸಾಲು ವಾರವಿಡೀ ಕಾಡಿತು: ಟಾರ್ಬರ್ನೈಟ್, ಕಾರ್ನ್‌ವಾಲ್, ಹಳೆಯ ಸಂಗ್ರಹ. ಪಕ್ಕದಲ್ಲಿ ಬೆಲೆಯಿತ್ತು, ಗಣಿಯ ಹೆಸರಿರಲಿಲ್ಲ.

ಟಾರ್ಬರ್ನೈಟ್ ತಾಮ್ರವೂ ಇರುವ ಯುರೇನಿಯಂ ಖನಿಜ. ಹಿಂದೆ ಯುರೇನಿಯಂ ಗಾಜಿನ ಬಗ್ಗೆ ಬರೆದಾಗ ಕೆಲವರು ಕೇಳಿದ್ದರು, ಗುರುತಿಸಲು ಗೈಗರ್ ಯಂತ್ರ ಹಿಡಿದರೆ ಸಾಲದೇ ಎಂದು. ಸಾಲದು. ಅದರ ಟಿಕ್‌ಟಿಕ್ ವಿಕಿರಣ ಇದೆಯೆನ್ನುತ್ತದೆ, ಯಾವ ಖನಿಜ ಎನ್ನುವುದಿಲ್ಲ. ನೇರಳಾತೀತ ದೀಪದಡಿ ಓಟನೈಟ್ ಎಂಬ ಇನ್ನೊಂದು ಯುರೇನಿಯಂ ಖನಿಜ ಹಳದಿಹಸಿರಾಗಿ ಉರಿಯುತ್ತದೆ. ಟಾರ್ಬರ್ನೈಟಿನ ತಾಮ್ರ ಆ ಹೊಳಪನ್ನು ನುಂಗಿಬಿಡುತ್ತದೆ. ಆದರೆ ಜ್ಯೂನರೈಟ್ ಎಂಬ ಮತ್ತೊಂದು ಯುರೇನಿಯಂ ಖನಿಜದಲ್ಲೂ ತಾಮ್ರವಿದೆ. ಅದೇ ಪಚ್ಚೆ ಬಣ್ಣ, ಅದೇ ಚೌಕ ಬಿಲ್ಲೆ. ರಂಜಕದ ಜಾಗದಲ್ಲಿ ಮಾತ್ರ ಆರ್ಸೆನಿಕ್. ಬರಿಗಣ್ಣಿಗೆ ದಕ್ಕುವ ವ್ಯತ್ಯಾಸವಲ್ಲ. ಸಾಲದ್ದಕ್ಕೆ, ಒಣಹವೆಯಲ್ಲಿ ಟಾರ್ಬರ್ನೈಟ್ ತನ್ನೊಳಗಿನ ನೀರು ಕಳೆದುಕೊಂಡು ಮೆಟಾಟಾರ್ಬರ್ನೈಟ್ ಆಗುತ್ತದೆ. ಬರೆದಾಗ ನಿಜವಾಗಿದ್ದ ಚೀಟಿ ಪೆಟ್ಟಿಗೆಯಲ್ಲಿದ್ದಂತೆಯೇ ಸುಳ್ಳಾಗುತ್ತದೆ.

ಹೆಸರಿನ ಮಾತು ಬಂದರೆ ನನಗೆ ಬಿಡಲಾಗದು. ಸ್ವೀಡನ್ನಿನ ರಸಾಯನಜ್ಞ ಟಾರ್ಬರ್ನ್ ಬರ್ಗ್‌ಮನ್ ತೀರಿಕೊಂಡದ್ದು 1784ರಲ್ಲಿ. ಬರ್ಲಿನ್ನಿನ ಕ್ಲಾಪ್ರೋಟ್ ಯುರೇನಿಯಂ ಕಂಡುಹಿಡಿದದ್ದು 1789ರಲ್ಲಿ. ಹರ್ಷೆಲ್ 1781ರಲ್ಲಿ ಕಂಡ ಯುರೇನಸ್ ಗ್ರಹದ ಹೆಸರನ್ನೇ ಅದಕ್ಕಿಟ್ಟ. 1793ರಲ್ಲಿ ಖನಿಜಶಾಸ್ತ್ರಜ್ಞ ವರ್ನರ್ ಈ ಹಸಿರು ಖನಿಜಕ್ಕೆ ಬರ್ಗ್‌ಮನ್ನನ ಹೆಸರು ಕೊಟ್ಟ. ಯುರೇನಿಯಂ ಎಂಬ ಪದವನ್ನೇ ಕೇಳದೆ ಸತ್ತವನ ಹೆಸರು ಯುರೇನಿಯಂ ಖನಿಜಕ್ಕೆ! ಇನ್ನೊಂದು ಹಳೆಯ ಹೆಸರು ಚಾಲ್ಕೊಲೈಟ್. ಅದರಲ್ಲಿರುವುದು ತಾಮ್ರದ ಗ್ರೀಕ್ ಪದ. ಒಂದು ಮನುಷ್ಯನನ್ನು ನೆನೆಯುತ್ತದೆ, ಇನ್ನೊಂದು ತಾಮ್ರವನ್ನು. ಯುರೇನಿಯಂ ಎರಡರಲ್ಲೂ ಇಲ್ಲ. ಇವಕ್ಕಿಂತ ಓಟನೈಟ್ ನನಗೆ ಹಿಡಿಸುತ್ತದೆ. ಫ್ರಾನ್ಸಿನ ಓಟನ್ ಎಂಬ ಊರು ಅದರಲ್ಲಿದೆ.

ಚಾಲ್ಕೊಲೈಟ್ ಎಂದು ಬರೆದೊಡನೆ ಮೇರಿ ಕ್ಯೂರಿಯ 1898ರ ಟಿಪ್ಪಣಿ ನೆನಪಾಯಿತು. ನೆಲದಿಂದ ಬಂದ ಚಾಲ್ಕೊಲೈಟಿನ ವಿಕಿರಣ ಶುದ್ಧ ಯುರೇನಿಯಂನ ಎರಡು ಪಟ್ಟಿಗೂ ಮಿಕ್ಕಿತ್ತು. ಆಕೆ ಅದೇ ಖನಿಜವನ್ನು ಶುದ್ಧ ಲವಣಗಳಿಂದ ಪ್ರಯೋಗಾಲಯದಲ್ಲಿ ತಯಾರಿಸಿದಳು. ಅದರ ವಿಕಿರಣ ಯುರೇನಿಯಂಗಿಂತಲೂ ಎರಡೂವರೆ ಪಟ್ಟು ಕಡಿಮೆ. ಹಾಗಾದರೆ ನೆಲದ ಹರಳಿನಲ್ಲಿ ಮತ್ತೇನೋ ಇದೆ. ಅದೇ ವರ್ಷ ಪಿಚ್‌ಬ್ಲೆಂಡ್ ಎಂಬ ಯುರೇನಿಯಂ ಅದಿರಿನಿಂದ ಪೊಲೋನಿಯಂ, ರೇಡಿಯಂ ಹೊರಬಂದವು.

ಇಲ್ಲಿ ನನ್ನ ಪ್ರಶ್ನೆಯೇ ಬದಲಾಯಿತು. ಗುರುತಿಸುವುದೆಂದರೆ ಸೂತ್ರ ಹೇಳುವುದು ಎಂದುಕೊಂಡಿದ್ದೆ. ಆದರೆ ಕ್ಯೂರಿಯ ಎರಡು ಹರಳುಗಳಿಗೂ ಸೂತ್ರ ಒಂದೇ. ಬೇರೆಯಾಗಿದ್ದದ್ದು ಹುಟ್ಟಿದ ಜಾಗ, ಅಲ್ಲಿ ಕಳೆದ ಕಾಲ. ಆದ್ದರಿಂದಲೇ ಸಂಗ್ರಹಕಾರರ ಹಳೆಯ ಕೈಬರಹದ ಚೀಟಿ ಕಿತ್ತು ಹೊಸದು ಅಂಟಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಗಣಿ ಮುಚ್ಚಿದೆ, ಸಂಗ್ರಹಕಾರ ಸತ್ತಿದ್ದಾನೆ, ಇನ್ಯಾರನ್ನು ಕೇಳುವುದು?

ಹರಾಜಿನವರಿಗೆ ಬರೆದಿದ್ದೇನೆ: ಹರಳು ಕಾರ್ನ್‌ವಾಲ್‌ನ ಗನಿಸ್‌ಲೇಕಿನದೋ, ರೆಡ್ರೂತ್ ಕಡೆಯದೋ ತಿಳಿಸಿ. ಚೀಟಿ ಉಳಿದಿದ್ದರೆ ಎರಡೂ ಬದಿಯ ಚಿತ್ರ ಕಳಿಸಿ.