ಅರ್ತ್ ಗುಂಡಿಯ ರಿಜಿಸ್ಟರ್ ಎಲ್ಲಿದೆ ಸ್ವಾಮಿ?

ಮುಂಗಾರಿಗೆ ಇನ್ನು ಕೆಲವೇ ವಾರ. ಮೊದಲ ಮಳೆ ಬಿದ್ದ ಮರುದಿನ ಪೇಟೆಬೀದಿಯಲ್ಲಿ ಕೇಳಿಬರುವ ಮಾತು ಒಂದೇ: ‘ಷಟರ್ ಮುಟ್ಟಿದ್ರೆ ಜುಂ ಅಂತಿದೆ ಕಣ್ರೀ’. ಅಂಗಡಿಯವರು ಒಣ ಬಟ್ಟೆ ಸುತ್ತಿ ಷಟರ್ ಎತ್ತುತ್ತಾರೆ. ಬಸ್ಸಿಗೆ ಕಾದವರು ಕಂಬಕ್ಕೆ ಒರಗಬೇಡಿ ಎಂದು ಮಕ್ಕಳನ್ನು ಎಳೆದುಕೊಳ್ಳುತ್ತಾರೆ. ಬಿಸಿಲು ಬಂದ ಕೂಡಲೇ ಎಲ್ಲರೂ ಮರೆಯುತ್ತಾರೆ. ಮರೆಯಲಾಗದವರು ಒಬ್ಬರೇ, ಷಾಕ್ ಹೊಡೆದು ಸತ್ತವರ ಮನೆಯವರು.

ಇದು ಸಣ್ಣ ಲೆಕ್ಕವಲ್ಲ. 2021ರ ಒಂದೇ ವರ್ಷದಲ್ಲಿ ದೇಶದಲ್ಲಿ ವಿದ್ಯುತ್ ತಗುಲಿ ಸತ್ತವರು 12 ಸಾವಿರಕ್ಕೂ ಹೆಚ್ಚು. 2023ರ ನವೆಂಬರ್ 19ರ ಬೆಳಗಿನ ಜಾವ ಬೆಂಗಳೂರಿನ ಹೋಪ್ ಫಾರಂ ಬಳಿ ಫುಟ್‌ಪಾತಿನಲ್ಲಿ ಬಿದ್ದಿದ್ದ ತಂತಿ ತುಳಿದು ಒಬ್ಬ ತಾಯಿ, ಅವಳ ಒಂಬತ್ತು ತಿಂಗಳ ಹಸುಗೂಸು ಸುಟ್ಟುಹೋದದ್ದನ್ನು ನಾಡು ಮರೆತಿಲ್ಲ. ರಾಜಧಾನಿಯ ಗತಿಯೇ ಹೀಗಾದರೆ ಜಿಲ್ಲಾ ಕೇಂದ್ರಗಳ ಪಾಡೇನು?

ಪೇಟೆಯಲ್ಲಿ ನಡೆದು ಹೋಗುವಾಗ ಟಿ.ಸಿ. ಕಂಬದ ಬುಡವನ್ನು ಒಮ್ಮೆ ನೋಡಿ. ಮೇಲೆ ಡಬ್ಬಿ ಇದೆ, ತಂತಿ ಇದೆ, ‘ಅಪಾಯ’ ಎಂಬ ಬೋರ್ಡೂ ಇದೆ. ಕೆಳಗೆ ಬೇಕಾದದ್ದು ಮೂರು ಅರ್ತ್ ಗುಂಡಿ. ಒಂದು ಸಿಡಿಲು ತಡೆಯುವ ಅರೆಸ್ಟರಿಗೆ. ಉಳಿದೆರಡರಿಂದ ಟಿ.ಸಿ.ಯ ನ್ಯೂಟ್ರಲಿಗೆ ಬೇರೆಬೇರೆ ಪಟ್ಟಿ, ಟಿ.ಸಿ.ಯ ಮೈಗೆ ಬೇರೆ ಪಟ್ಟಿ. ಎಷ್ಟು ಕಡೆ ಇದು ಸರಿಯಾಗಿದೆ? ಎಷ್ಟೋ ಕಡೆ ಪಟ್ಟಿ ತುಕ್ಕು ಹಿಡಿದು ಅರ್ಧಕ್ಕೇ ನಿಂತಿರುತ್ತದೆ. ಕೆಲವು ಕಡೆ ಗುಜರಿಯವನ ಪಾಲಾಗಿರುತ್ತದೆ. ಗುಂಡಿಯ ಮೇಲೆ ಪಾನಿಪೂರಿ ಗಾಡಿ ನಿಂತಿರುತ್ತದೆ, ಇಲ್ಲವೇ ಪುರಸಭೆಯ ಕಾಂಕ್ರೀಟು ಕೂತಿರುತ್ತದೆ.

ಈ ಗುಂಡಿಯಿಂದ ಆಗುವುದೇನು? ಟಿ.ಸಿ.ಗೆ 11 ಸಾವಿರ ವೋಲ್ಟ್ ಬರುತ್ತದೆ. ಅದು ಇಳಿಸಿ ಕೊಡುವುದು 433 ವೋಲ್ಟು, ಮೂರು ಫೇಸಿನಲ್ಲಿ. ನಡುವಿನಿಂದ ಹೊರಡುವ ನಾಲ್ಕನೇ ತಂತಿಯೇ ನ್ಯೂಟ್ರಲ್. ಒಂದು ಫೇಸಿಗೂ ನ್ಯೂಟ್ರಲಿಗೂ ನಡುವಿನ 240 ವೋಲ್ಟಿನಲ್ಲಿ ನಮ್ಮ ಫ್ಯಾನು, ಫ್ರಿಜ್ಜು, ತಕ್ಕಡಿ ನಡೆಯುತ್ತವೆ. ಈ ನ್ಯೂಟ್ರಲನ್ನು ಭೂಮಿಗೆ ಕಟ್ಟಿಹಾಕುವುದೇ ಅರ್ತಿಂಗ್. ಅಕಸ್ಮಾತ್ ಡಬ್ಬಿಯೊಳಗೆ 11 ಸಾವಿರದ ಸುತ್ತು ಕೆಟ್ಟು ಕೆಳಗಿನ ಸುತ್ತಿಗೆ ತಗುಲಿದರೆ, ಆ ಹೊಡೆತ ಭೂಮಿಗೆ ಇಳಿದು ಫ್ಯೂಸ್ ಹಾರಬೇಕು. ಅರ್ತ್ ಇಲ್ಲದಿದ್ದರೆ? ಅದು ನಮ್ಮ ಅಂಗಡಿಗೇ ಬರುತ್ತದೆ.

ಇನ್ನು ನ್ಯೂಟ್ರಲ್ ತಂತಿಯೇ ಕಡಿದರೆ ಏನಾಗುತ್ತದೆ ನೋಡಿ. ಒಂದು ಫೇಸಿನ ಅಂಗಡಿಯಲ್ಲಿ 1000 ವಾಟಿನ ಇಸ್ತ್ರಿಪೆಟ್ಟಿಗೆ, ಇನ್ನೊಂದು ಫೇಸಿನ ಅಂಗಡಿಯಲ್ಲಿ 100 ವಾಟಿನ ಬಲ್ಬು ಮಾತ್ರ ಉರಿಯುತ್ತಿವೆ ಎನ್ನಿ. ನ್ಯೂಟ್ರಲ್ ಹೋದ ಕ್ಷಣ ಎರಡೂ ಒಂದರ ಹಿಂದೊಂದು ಸೇರಿ, ಎರಡು ಫೇಸಿನ ನಡುವಿನ 415 ವೋಲ್ಟನ್ನು ಹಂಚಿಕೊಳ್ಳುತ್ತವೆ. ಇಸ್ತ್ರಿಪೆಟ್ಟಿಗೆಗೆ ಸಿಗುವುದು 38 ವೋಲ್ಟು, ಬಲ್ಬಿಗೆ 377! ಬಲ್ಬಿನ ಜಾಗದಲ್ಲಿ ನಿಮ್ಮ ಟಿ.ವಿ., ಮೊಬೈಲು ಚಾರ್ಜರು, ಬಿಲ್ಲಿನ ಯಂತ್ರ ಇಟ್ಟು ನೋಡಿ. ‘ಕರೆಂಟ್ ಜಾಸ್ತಿ ಬಂದು ಎಲ್ಲಾ ಸುಟ್ಟೋಯ್ತು’ ಎಂದು ಸಾಲುಸಾಲು ಅಂಗಡಿಯವರು ಗೋಳಾಡುವುದರ ಗುಟ್ಟು ಬಹುಪಾಲು ಇದೇ. ತಪ್ಪು ನಿಮ್ಮ ವೈರಿಂಗಿನದಲ್ಲ, ಸಡಿಲಾದ ಒಂದು ಜಂಪರಿನದು. ನ್ಯೂಟ್ರಲನ್ನು ಲೈನಿನುದ್ದಕ್ಕೂ ಅಲ್ಲಲ್ಲಿ ಭೂಮಿಗೆ ಕಟ್ಟಿದ್ದರೆ ಈ ಏರುಪೇರು ಅಷ್ಟರಮಟ್ಟಿಗೆ ತಗ್ಗುತ್ತದೆ.

ಇದೆಲ್ಲ ಕಾನೂನಿನಲ್ಲಿ ಇಲ್ಲವೇ? ಬೇಕಾದಷ್ಟಿದೆ. 1956ರ ಭಾರತೀಯ ವಿದ್ಯುತ್ ನಿಯಮಗಳೇ ಹೇಳಿದ್ದವು: ನ್ಯೂಟ್ರಲಿಗೆ ಎರಡಕ್ಕೆ ಕಡಿಮೆಯಿಲ್ಲದ ಪ್ರತ್ಯೇಕ ಅರ್ತ್ ಇರಬೇಕು. ಗ್ರಾಹಕನ ಜಾಗದಲ್ಲಿ, ಕರೆಂಟ್ ಒಳಬರುವ ಕಡೆ, ಅವನಿಗೆ ಕೈಗೆಟಕುವಂತೆ ಅರ್ತ್ ಟರ್ಮಿನಲನ್ನು ಸರಬರಾಜು ಮಾಡುವವರೇ ಒದಗಿಸಿ ನೋಡಿಕೊಳ್ಳಬೇಕು. ಅದಕ್ಕಿಂತ ಮುಖ್ಯವಾದ ಮಾತು: ತಮ್ಮ ಎಲ್ಲ ಅರ್ತನ್ನೂ ಎರಡು ವರ್ಷಕ್ಕೊಮ್ಮೆಯಾದರೂ, ಬೇಸಿಗೆಯ ಒಣ ದಿನವೊಂದರಲ್ಲಿ ಪರೀಕ್ಷಿಸಿ, ಬಂದ ಲೆಕ್ಕವನ್ನು ಬರೆದಿಡಬೇಕು. ಒಣ ದಿನವೇ ಯಾಕೆ? ಮಳೆಯಲ್ಲಿ ಯಾವ ಗುಂಡಿಯೂ ಚೆನ್ನಾಗಿಯೇ ಇರುತ್ತದೆ. ನೆಲ ಒಣಗಿದಾಗಲೇ ಅದರ ಬಣ್ಣ ಬಯಲಾಗುವುದು. 1956ರ ನಿಯಮ ಹೋಗಿ 2010ರದು ಬಂತು, ಅದೂ ಹೋಗಿ 2023ರದು ಬಂತು. ಅರ್ತ್ ಪರೀಕ್ಷಿಸಿ ದಾಖಲೆ ಇಡುವ ಹೊಣೆ ಮಾತ್ರ ಸರಬರಾಜು ಮಾಡುವವರ ತಲೆಯಿಂದ ಇಳಿದಿಲ್ಲ.

ಕೆ.ಇ.ಬಿ. 1999ರಲ್ಲಿ ಕೆ.ಪಿ.ಟಿ.ಸಿ.ಎಲ್. ಆಯಿತು. 2002ರಲ್ಲಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಎಂದು ಕಂಪನಿಗಳಾದವು. ಜನ ಮಾತ್ರ ಇವತ್ತಿಗೂ ‘ಕೆ.ಇ.ಬಿ.ಯವರು’ ಅಂತಲೇ ಅಂತಾರೆ. ಹೆಸರು ಬದಲಾಯಿತು, ಬೋರ್ಡು ಬದಲಾಯಿತು, ಬಿಲ್ಲೂ ಏರಿತು. ಆ ಗುಂಡಿಗೆ ಬೇಸಿಗೆಯಲ್ಲಿ ಎರಡು ಕೊಡ ನೀರು ಹಾಕುವವರು ಮಾತ್ರ ಯಾರೂ ಇಲ್ಲ.

ಲೈನ್‌ಮನ್‌ಗಳ ಮೇಲೆ ಗೂಬೆ ಕೂರಿಸುವುದು ನಮ್ಮ ಉದ್ದೇಶವಲ್ಲ. ಮಳೆಗಾಳಿಯಲ್ಲಿ ಕಂಬ ಹತ್ತುವವನು ಅವನೇ, ಅರ್ತ್ ಕೆಟ್ಟ ಕಂಬದಲ್ಲಿ ಮೊದಲು ಸಾಯುವವನೂ ಅವನೇ. ಅವನಿಗೆ ಅರ್ತ್ ಟೆಸ್ಟರು ಕೊಟ್ಟಿದ್ದಾರೆಯೇ, ಜೊತೆಗೆ ಇನ್ನೊಬ್ಬನನ್ನು ಕೊಟ್ಟಿದ್ದಾರೆಯೇ ಎಂಬುದನ್ನು ಮೇಲಿನವರು ಹೇಳಬೇಕು.

ಹಾಗೆಂದು ನಾವೇನು ಸಾಚಾಗಳೇ? ಅಂಗಡಿಯವರೂ ಸ್ವಲ್ಪ ಕೇಳಿಸಿಕೊಳ್ಳಬೇಕು. ‘ಅರ್ತ್ ತಂತಿ ಯಾಕ್ರೀ, ನ್ಯೂಟ್ರಲಿಗೇ ಸೇರಿಸಿ’ ಎಂದು ಪ್ಲಗ್ಗಿನೊಳಗೇ ಎರಡನ್ನೂ ಒಂದು ಮಾಡಿಸುವವರಿದ್ದಾರೆ. ನ್ಯೂಟ್ರಲ್ ಎಲ್ಲಾದರೂ ಕಡಿದ ದಿನ ಆ ಫ್ರಿಜ್ಜಿನ ಮೈಯೇ ಫೇಸ್ ಆಗುತ್ತದೆ. ಇನ್ನು ಕೆಲವರು ನ್ಯೂಟ್ರಲ್ ಸಿಗದಿದ್ದರೆ ನೆಲಕ್ಕೊಂದು ಕಬ್ಬಿಣದ ಸಲಾಕೆ ಹೊಡೆದು ಅದರಲ್ಲೇ ದೀಪ ಉರಿಸುತ್ತಾರೆ. ಆ ಸಲಾಕೆಯ ಪಕ್ಕ ಬರಿಗಾಲಲ್ಲಿ ನಿಂತ ಕೂಸಿನ ಗತಿ? ಹಳೇ ಕಟ್ಟಡಗಳಲ್ಲಿ ನಲ್ಲಿಯ ಕಬ್ಬಿಣದ ಪೈಪಿಗೆ ಅರ್ತ್ ಕಟ್ಟಿದ್ದರು. ಆಮೇಲೆ ಬಂದದ್ದು ಪ್ಲಾಸ್ಟಿಕ್ ಪೈಪು. ತಂತಿ ಕಟ್ಟಿದ ಜಾಗದಲ್ಲೇ ಇದೆ, ಭೂಮಿ ಮಾತ್ರ ಇಲ್ಲ.

ಅರ್ತ್ ಒಂದಿದ್ದರೆ ಸಾಲದು ಎಂಬುದೂ ಗೊತ್ತಿರಲಿ. ಟಿ.ಸಿ.ಯ ಗುಂಡಿ 5 ಓಂ, ಅಂಗಡಿಯ ಗುಂಡಿ 10 ಓಂ ಎನ್ನಿ. ಫೇಸ್ ತಂತಿ ಷಟರಿಗೆ ತಗುಲಿದರೆ ಹರಿಯುವುದು 240ನ್ನು 15ರಿಂದ ಭಾಗಿಸಿದಷ್ಟು, ಅಂದರೆ 16 ಆಂಪಿಯರ್. ನಿಮ್ಮ 32 ಆಂಪಿಯರಿನ ಫ್ಯೂಸು ಹಾರುವುದೇ ಇಲ್ಲ. ಷಟರಿನ ಮೇಲೆ 160 ವೋಲ್ಟು ಸುಮ್ಮನೆ ಕಾಯುತ್ತಾ ಕೂತಿರುತ್ತದೆ. ಅದಕ್ಕೇ 30 ಮಿಲಿಆಂಪಿಯರ್ ಸೋರಿದರೂ ಕ್ಷಣದಲ್ಲಿ ಕಡಿತ ಮಾಡುವ ಆರ್.ಸಿ.ಸಿ.ಬಿ. ಬೇಕು. ಒಂದು ಸೀಲಿಂಗ್ ಫ್ಯಾನಿನ ಬೆಲೆಯ ಆಸುಪಾಸಿನಲ್ಲಿ ಸಿಗುತ್ತದೆ. ಜೊತೆಗೆ ಷಟರು, ತಗಡಿನ ಮಾಡು, ಬೋರ್ಡಿನ ಕಬ್ಬಿಣದ ಚೌಕಟ್ಟು, ಲೋಹದ ಪೈಪು ಎಲ್ಲವನ್ನೂ ಒಂದೇ ದಪ್ಪ ತಂತಿಯಿಂದ ಬೆಸೆದು ಅರ್ತಿಗೆ ಸೇರಿಸಬೇಕು. ಬಾಂಡಿಂಗ್ ಅಂದರೆ ಅದೇ. ಎಲ್ಲವೂ ಒಂದೇ ಮಟ್ಟದಲ್ಲಿದ್ದರೆ, ಒಂದು ಕೈ ಷಟರಿನ ಮೇಲೆ, ಇನ್ನೊಂದು ಕೈ ಪೈಪಿನ ಮೇಲೆ ಇಟ್ಟವನ ಎದೆಯ ಮೂಲಕ ಕರೆಂಟು ಹರಿಯುವುದಿಲ್ಲ. ಈ ಕೆಲಸ ಲೈಸೆನ್ಸು ಇರುವವರಿಂದಲೇ ಆಗಲಿ.

ಇಷ್ಟು ಮಾಡುವವರಿಗೆ ಕೇಳುವ ಹಕ್ಕೂ ಇದೆ. ವರ್ತಕರ ಸಂಘದವರು ಒಂದು ಅರ್ಜಿ ಬರೆಯಲಿ. ಮಾಹಿತಿ ಹಕ್ಕು ಕಾಯಿದೆ 2005ರಿಂದ ಇದೆ, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕೇಳಬೇಕಾದದ್ದು ಇಷ್ಟೇ: ಬಸ್‌ಸ್ಟ್ಯಾಂಡಿನಿಂದ ಮಾರುಕಟ್ಟೆಯವರೆಗೆ ಟಿ.ಸಿ. ಎಷ್ಟು? ಪ್ರತಿಯೊಂದರ ಅರ್ತ್ ಗುಂಡಿ ಎಷ್ಟು? ಕೊನೆಯ ಸಲ ಯಾವ ತಾರೀಕು ಪರೀಕ್ಷಿಸಿದಿರಿ, ಎಷ್ಟು ಓಂ ಬಂತು? ರಿಜಿಸ್ಟರಿನ ನಕಲು ಕೊಡಿ. ಷಟರಿಗೋ ಕಂಬಕ್ಕೋ ಷಾಕ್ ಬಂದರೆ 1912ಕ್ಕೆ ಫೋನು ಮಾಡಿ ದೂರಿನ ನಂಬರು ಬರೆದಿಟ್ಟುಕೊಳ್ಳಿ. ಸರಿಮಾಡದಿದ್ದರೆ ಅದೇ ನಂಬರು ಹಿಡಿದು ವಿದ್ಯುತ್ ಪರಿವೀಕ್ಷಣಾಲಯದ ಬಾಗಿಲು ತಟ್ಟಿ.

ಸಾವಾದ ಮೇಲೆ ಪರಿಹಾರದ ಚೆಕ್ಕು ಹಿಡಿದು ಫೋಟೋಕ್ಕೆ ನಿಲ್ಲುವ ಅಧಿಕಾರಿಗಳು, ಶಾಸಕರು ಈ ಬೇಸಿಗೆಯಲ್ಲಿ ಒಂದು ಒಣ ದಿನ ಟಿ.ಸಿ. ಕಂಬದ ಬುಡಕ್ಕೆ ಬರಲಿ. ಜೊತೆಗೆ ಟೆಸ್ಟರೂ ಬರಲಿ, ರಿಜಿಸ್ಟರೂ ಬರಲಿ. ಗುಂಡಿಗೆ ಸುರಿಯುವ ನೀರು, ಇದ್ದಿಲು, ಉಪ್ಪು ಎಷ್ಟು ಖರ್ಚಿನದು? ಮಳೆ ಬರುವವರೆಗೆ ಕಾದರೆ ಬರೆಯಬೇಕಾದದ್ದು ಪಂಚನಾಮೆ.